ಬದುಕಿದ್ದವನಿಗೆ ಬಂದ ಬುತ್ತಿ

ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ನನ್ನ ತಮ್ಮನೇ. ಮಮದಾಪುರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದೇ ಊರಲ್ಲೇ ತವರು, ಗಿರಣಿಗೂ ತವರುಮನೆಗೂ ನಡುವೆ ಒಂದು ಓಣಿ. ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದೆ. ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿ ಬಂದ.

“ಅಕ್ಕಾ, ಜಲ್ದಿ ಬಾ. ಕಲ್ಲೋಳಿ ಅತ್ತಿ ಬಸ್ ಸ್ಟ್ಯಾಂಡಿನಿಂದನ ಅಳಕೋತ ಬರಾಕತ್ತಾಳ.”

“ಯವ್ವಾ! ಯಾರ ಹ್ವಾದ್ರೋ?”

“ನಾನ!”

ಕೈಯಲ್ಲಿದ್ದ ಕಸಬರಿಗೆಯಿಂದಲೇ ಒಂದು ಕೊಡಬೇಕೆನ್ನಿಸಿತು. ಆದರೆ ಅವನ ಮುಖ ನೋಡಿದರೆ ಹುಡುಗಾಟ ಅನ್ನಿಸಲಿಲ್ಲ. ಬಾಯಿ ತುಂಬ ನೊರೆ, ಕಣ್ಣು ಕೆಂಪು. ಇಷ್ಟಕ್ಕೆಲ್ಲ ಕಾರಣ ಅವನ ಹೊಸ ಆಲ್ಬಮ್ಮು.

ನನ್ನ ತಮ್ಮ ಹಾಡುಗಾರ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕಬ್ಬಿನ ಹಂಗಾಮಿನಲ್ಲಿ ನೀವು ಓಡಾಡಿದ್ದರೆ ಅವನ ದನಿಯನ್ನು ಕೇಳಿಯೇ ಇರುತ್ತೀರಿ. ಬೇಡವೆಂದರೂ ಬಿಡುತ್ತಿರಲಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಡ್ರೈವರನ ಬೆನ್ನ ಹಿಂದೆ ಕಪಾಟಿನಷ್ಟು ದೊಡ್ಡ ಸೌಂಡ್ ಬಾಕ್ಸ್ ಕಟ್ಟಿಕೊಂಡು ಬರುತ್ತವಲ್ಲ, ಅದರೊಳಗಿಂದ ಧಡ್ ಧಡ್ ಎನ್ನುತ್ತಿದ್ದವನು ಇವನೇ. ಅವನ ಹಾಡುಗಳಲ್ಲಿ ಅರ್ಧ ಹಾಡು, ಅರ್ಧ ಹೆಸರು. ನಮ್ಮ ಕಡೆ ಅದೊಂದು ರೂಢಿ. ಎರಡು ಸಾಲು ಹಾಡಿ, ಸಂಗೀತ ನಿಲ್ಲಿಸಿ, ಇಂಥ ಊರಿನ ಇಂಥ ಟ್ರ್ಯಾಕ್ಟರ್ ಮಾಲೀಕರು, ಅವರ ಗೆಳೆಯರ ಬಳಗ, ಅವರ ಎತ್ತು, ಅವರ ಟಗರು ಎಂದು ಕೂಗಿ, ಮತ್ತೆ ಎರಡು ಸಾಲು ಹಾಡಬೇಕು. ತನ್ನ ಹೆಸರು ಬರುವ ಜಾಗದಲ್ಲಿ ಡ್ರೈವರ್ ಸೌಂಡು ಏರಿಸುತ್ತಿದ್ದ. ರಸ್ತೆ ಬದಿಯ ಮನೆಗಳ ಪಾತ್ರೆಗಳು ಅಲುಗಾಡಿ ಕೆಳಗೆ ಬೀಳುತ್ತಿದ್ದವು. ಇದಕ್ಕೆ ಕೀರ್ತಿ ಎನ್ನುತ್ತಿದ್ದರು.

ಈ ಕೀರ್ತಿಯನ್ನು ಕಣ್ಣೆತ್ತಿಯೂ ನೋಡದ ಒಬ್ಬಳೇ ಒಬ್ಬಳು ನಮ್ಮ ಅವ್ವ. ತಮ್ಮ ಯಾವ ಹಾಡು ಹಾಕಿದರೂ, “ಮೊದಲ ಆ ಇಂಜಿನ್ನ ಬಂದ್ ಮಾಡೋ, ಆಮ್ಯಾಲ ಹಾಡಂತಿ” ಎನ್ನುತ್ತಿದ್ದಳು. ಅದು ಇಂಜಿನ್ನಲ್ಲ, ಸಂಗೀತ ಎಂದರೆ ನಂಬುತ್ತಿರಲಿಲ್ಲ. ಅವಳೂ ಒಂದು ಕಾಲಕ್ಕೆ ಹಾಡುಗಾರ್ತಿಯೇ. ಬೀಸುಕಲ್ಲಿನ ಮುಂದೆ ಕೂತು, ಒಂದು ಕಾಲು ಚಾಚಿ, ಜೋಳ ಬೀಸುತ್ತ ಹಾಡಿದರೆ ಪಕ್ಕದ ಮನೆಯವರು ಮಾತು ನಿಲ್ಲಿಸುತ್ತಿದ್ದರು. ಊರಿಗೆ ಗಿರಣಿ ಬಂತು, ಕಲ್ಲು ದನದ ಕೊಟ್ಟಿಗೆಯ ಮೂಲೆ ಸೇರಿತು, ಅವ್ವನ ಹಾಡೂ ಅದರ ಜೊತೆ ಮೂಲೆ ಸೇರಿತು. ಸುಮ್ಮನೆ ಹಾಡು ಎಂದರೆ, “ಬೀಸೂದಿಲ್ಲ, ಏನಿಲ್ಲ, ಖಾಲಿ ಹ್ಯಾಂಗ ಹಾಡ್ಲಿ? ನನಗೇನ ಹುಚ್ಚ ಹಿಡದೈತೇನ?” ಎನ್ನುತ್ತಿದ್ದಳು.

ಹೋದ ಹಂಗಾಮು ಮುಗಿದ ಮೇಲೆ ತಮ್ಮ ಗಿರಣಿಗೆ ಬಂದು ಹಿಟ್ಟಿನ ಡಬ್ಬಿಯ ಮೇಲೆ ಕೂತ. “ಅಕ್ಕಾ, ಊರ ಮಂದಿ ಹೆಸರೆಲ್ಲಾ ಹಾಡೇನಿ. ಅವ್ವನ ಹಾಡ ಒಂದೂ ಹಾಡಿಲ್ಲ. ಈ ಸಲ ಬರೇ ಅವ್ವನ ಬೀಸೂ ಹಾಡ. ಧಡ್ ಧಡ್ ಇಲ್ಲ, ಯಾರ ಹೆಸರೂ ಇಲ್ಲ. ಆಕಿ ಒಂದ ಸಲ ಪೂರಾ ಕೇಳಿ, ಬರೋಬರಿ ಐತಿ ಅಂದ್ರ ಸಾಕ ನೋಡ” ಎಂದ. ಅವನ ತಲೆ ಆಗಲೇ ನೆರೆಯುತ್ತಿತ್ತು. ಆದರೂ ಅವ್ವನಿಂದ ಒಂದು ಶಹಬ್ಬಾಸ್‌ಗಿರಿಗೆ ಹಸಿದು ಕೂತಿದ್ದ. ನನಗೆ ಅಯ್ಯೋ ಅನ್ನಿಸಿತು.

ಕೊಟ್ಟಿಗೆಯ ಬೀಸುಕಲ್ಲನ್ನು ತೊಳೆದು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮೂಡಲಗಿಯ ರೆಕಾರ್ಡಿಂಗ್ ಕೋಣೆಗೆ ಹೋದ. ಅಲ್ಲಿನ ಯಜಮಾನ ಮಹಾ ಧೂಳುಭಯದ ಮನುಷ್ಯ. ಯಾರು ಬಂದರೂ ಚಪ್ಪಲಿ ಹೊರಗೆ ಬಿಡಿಸಿ, ಅಂಗಿ ಝಾಡಿಸಿ ಒಳಗೆ ಬಿಡುತ್ತಿದ್ದನಂತೆ. ಕಲ್ಲು ತಿರುಗಿಸುವ ಸಪ್ಪಳ, ಅದರ ಮೇಲೆ ತಮ್ಮನ ದನಿ. ಇಷ್ಟೇ ಆಲ್ಬಮ್ಮು. ನಾನು ಕೇಳಿ ಅತ್ತೆ, ಸುಳ್ಳೇಕೆ ಹೇಳಲಿ. ಅವ್ವನ ಮುಂದೆ ಹಾಕಿದ. ಅವ್ವ ಮೊದಲನೆಯ ನುಡಿ ಮುಗಿಯುವ ಮೊದಲೇ ಎದ್ದು ಎಮ್ಮೆಗೆ ನೀರು ಕುಡಿಸಲು ಹೋದಳು. ಮರುದಿನ ಮತ್ತೆ ಹಾಕಿದ. ಆಗಲೂ ಎಮ್ಮೆಗೆ ನೀರು. ಹೀಗೆ ಅವನು ಹಾಡು ಹಾಕುವುದು, ಅವಳು ಎಮ್ಮೆಗೆ ನೀರು ತೋರಿಸುವುದು. ಎಮ್ಮೆಯೇ ಬೇಸತ್ತು ಮುಖ ತಿರುಗಿಸತೊಡಗಿತು. ತಮ್ಮ ಊಟ ಕಡಿಮೆ ಮಾಡಿದ.

ಇನ್ನು ಊರ ಮಂದಿ. ಗಿರಣಿ ಎಂದರೆ ಕಾಳು ಒಂದು ಕಡೆ, ಮಾತು ಒಂದು ಕಡೆ ಸುರಿಯುವ ಜಾಗ. ಆಲ್ಬಮ್ಮು ಬಿಡುಗಡೆಯಾದ ಮೇಲೆ ಯಾರೂ ಹಿಟ್ಟು ಸಣ್ಣಗೆ ಬಂತೋ ಉರುಟಾಗಿ ಬಂತೋ ಎಂದು ನೋಡಲೇ ಇಲ್ಲ.

ಕುರಿ ಕಾಯುವ ಕಾಕಾ ಒಬ್ಬ ಇದ್ದಾನೆ, ಕೊರಳಿಗೆ ಸ್ಪೀಕರ್ ಹಾಕಿಕೊಂಡೇ ಅಡ್ಡಾಡುವವನು. ಅವನು ಬಂದವನೇ, “ನಿನ್ನ ತಮ್ಮಗ ಹೇಳವಾ. ಹಳೇ ಹಾಡ ಹಚ್ಚಿದ್ರ ಕುರಿ ಸರಸರ ನಡೀತಿದ್ದು. ಈ ಹೊಸಾದ ಹಚ್ಚಿದೆ, ಎಲ್ಲಾ ಕುರಿ ರಸ್ತಾದಾಗ ಮಕ್ಕೊಂಡಬಿಟ್ಟು. ಹಿಂದ ಬಸ್ಸ್ ನಿಂತೈತಿ, ಕಂಡಕ್ಟರ್ ಬಯ್ಯಾಕತ್ತಾನ. ನಾ ಯಾರಿಗಂತ ಎಬ್ಬಸ್ಲಿ?” ಎಂದು ಜಗಳಕ್ಕೇ ನಿಂತ.

“ಹಾಡ ಬಂದ್ ಮಾಡಬೇಕಿತ್ತಿಲ್ಲ, ಕಾಕಾ?”

“ಹ್ಯಾಂಗ ಬಂದ್ ಮಾಡ್ಲಿ? ಚಲೋ ಬರಾಕತ್ತಿತ್ತ!”

ಒಬ್ಬ ಡ್ರೈವರಂತೂ ಆ ಹಾಡು ಹಾಕಿದರೆ ಟ್ರ್ಯಾಕ್ಟರ್ ಏರು ಹತ್ತುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳಿದ. ಡೀಸೆಲ್ಲು ಅದೇ, ಕಬ್ಬು ಅಷ್ಟೇ, ಹಾಡು ಮಾತ್ರ ಬೇರೆ, ಹಾಗಾದರೆ ತಪ್ಪು ಯಾರದು ನೀವೇ ಹೇಳ್ರಿ ಎಂದು ನನ್ನನ್ನೇ ಕೇಳಿದ. ಮುದುಕಿಯರು, “ಅಷ್ಟ ದಪ್ಪ ಮೀಸಿ ಇಟ್ಕೊಂಡ ಹೆಂಗಸರ ಹಾಡ ಹಾಡ್ತಾನಲ್ಲವಾ!” ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಹುಕ್ಕೇರಿಯ ಅಭಿಮಾನಿ ಬಳಗದ ಅಧ್ಯಕ್ಷ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದ: “ಅಕ್ಕಾರ, ಆಲ್ಬಮ್ ಪೂರಾ ಕೇಳೇನ್ರಿ. ನನ್ನ ಹೆಸರ ಎಲ್ಲಿ ಬರ್ತೈತ್ರಿ?” ಎಲ್ಲಿಯೂ ಬರುವುದಿಲ್ಲ ಎಂದೆ. ದನಿ ತಗ್ಗಿಸಿ, “ಅಣ್ಣಾರ ಆರಾಮ ಅದಾರಿಲ್ಲರಿ?” ಎಂದ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಎಲ್ಲ ಕೆಡಿಸಿದ್ದು ಪೋಸ್ಟರು. ಗೋಕಾಕ ಫಾಲ್ಸಿನ ಅವನ ಗೆಳೆಯರು ಮಾಡಿದ್ದು. ಮೊದಲಿನ ಪೋಸ್ಟರುಗಳಲ್ಲಿ ತಮ್ಮ ಕಪ್ಪು ಕನ್ನಡಕ ಹಾಕಿ, ಟ್ರ್ಯಾಕ್ಟರಿನ ಮೇಲೆ ಕಾಲಿಟ್ಟು, ಹಿಂದೆ ಬೆಂಕಿ ಉರಿಸಿಕೊಂಡು ನಿಂತಿರುತ್ತಿದ್ದ. ಈ ಸಲ ಹಾಡು ಶಾಂತವಾಗಿದೆ, ಫೋಟೋನೂ ಶಾಂತ ಇರಲಿ ಎಂದುಕೊಂಡರು ಆ ಬುದ್ಧಿವಂತರು. ಬಿಳಿ ಅಂಗಿ, ಮುಚ್ಚಿದ ಕಣ್ಣು, ಮುಗಿದ ಕೈ, ಮುಂದೆ ಒಂದು ದೀಪ, ಸುತ್ತ ಬಿಳಿ ಹೂವಿನ ಅಂಚು. ಕೆಳಗೆ ಆಲ್ಬಮ್ಮಿನ ಹೆಸರನ್ನು ಇರುವೆಯಷ್ಟು ಸಣ್ಣಗೆ ಬರೆಸಿದ್ದರು. ಇದನ್ನು ನೂರಾರು ಜನ ಸ್ಟೇಟಸ್ ಇಟ್ಟರು. ನಮ್ಮ ಕಡೆ ಯಾರಾದರೂ ಸತ್ತರೆ ಸರ್ಕಲ್ಲಿನಲ್ಲಿ ಕಟ್ಟುವ ಬ್ಯಾನರು ಹೇಗಿರುತ್ತದೋ ಥೇಟ್ ಹಾಗೇ ಇತ್ತು. ಹಿಂದೆ ನಿಧಾನದ ಹಾಡು ಬೇರೆ. ಒಬ್ಬ ಕೈಮುಗಿದ ಚಿತ್ರ ಹಾಕಿದ, ಇನ್ನೊಬ್ಬ ಓಂ ಶಾಂತಿ ಎಂದ. ಅಲ್ಲಿಗೆ ಮುಗಿಯಿತು.

ನಾನು ತಮ್ಮನ ಹಿಂದೆ ಓಡಿ ಮನೆ ಮುಟ್ಟುವಷ್ಟರಲ್ಲಿ ಅತ್ತಿ ಬಂದೇಬಿಟ್ಟಿದ್ದಳು. ಕಲ್ಲೋಳಿಯ ಸೋದರಮಾವನ ಹೆಂಡತಿ ಅವಳು. ಸಾವಿನ ಮನೆಗೆ ಹೋಗಿ ರಾಗ ತೆಗೆದು ಅಳುವುದರಲ್ಲಿ ಆ ಭಾಗಕ್ಕೆ ಹೆಸರಾದವಳು. ತಲೆಯ ಮೇಲೆ ಬುತ್ತಿ ಗಂಟು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬೀಗರು ರೊಟ್ಟಿ ಪಲ್ಯ ಮಾಡಿಕೊಂಡು ಬರಬೇಕು.

“ಯಪ್ಪಾ ನನ್ನ ಹಾಡಗಾರಾ, ನಮ್ಮನ್ನೆಲ್ಲಾ ಬಿಟ್ಟ ಎಲ್ಲಿ ಹ್ವಾದೆಪ್ಪಾ…”

“ಇಲ್ಲೇ ಅದೇನಿ, ಅತ್ತಿ” ಎಂದ ತಮ್ಮ.

ಅತ್ತಿ ಅವನನ್ನು ಕಣ್ಣಾರೆ ಕಂಡಳು. ಆದರೆ ರಾಗ ಅರ್ಧಕ್ಕೆ ಬಂದಿತ್ತು, ಬಿಡುವುದು ಹೇಗೆ? ಅವನ ಕೊರಳನ್ನೇ ತಬ್ಬಿಕೊಂಡು, ಅವನ ಗುಣಗಳನ್ನೆಲ್ಲ ಒಂದೊಂದಾಗಿ ಹೇಳಿ, ಪೂರ್ತಿ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, “ಆರಾಮ ಅದಿಯೇನಪಾ? ನೀರ ಕೊಡ್ರಿ” ಎಂದಳು.

ಅವಳ ಹಿಂದೆ ಹುಕ್ಕೇರಿಯಿಂದ ಒಂದು ಟೆಂಪೋ ತುಂಬ ಅಭಿಮಾನಿಗಳು ಬಂದಿಳಿದರು. ಅಧ್ಯಕ್ಷನ ಕೈಯಲ್ಲಿ ಗುಲಾಬಿಯ ದೊಡ್ಡ ಹಾರ. ತಮ್ಮ ಎದುರಿಗೇ ನಿಂತದ್ದು ಕಂಡು ಅವನಿಗೆ ಸಂತೋಷಕ್ಕಿಂತ ಪೇಚಾಟವೇ ಹೆಚ್ಚಾಯಿತು. ಹಾರವನ್ನು ಹಿಂದೆ ಮುಚ್ಚಿಡುವುದೋ, ಕೊರಳಿಗೇ ಹಾಕುವುದೋ ತಿಳಿಯದೆ ಕೊನೆಗೆ ನಮ್ಮ ಎಮ್ಮೆಯ ಗೂಟಕ್ಕೆ ನೇತುಹಾಕಿದ. ಎಮ್ಮೆ ಅದನ್ನು ತಿಂದಿತು.

ಈಗ ಬುತ್ತಿಯದೊಂದು ದೊಡ್ಡ ಪ್ರಶ್ನೆ ಎದ್ದಿತು. ಸಾವಿನ ಮನೆಗೆ ತಂದ ಬುತ್ತಿಯನ್ನು ಮರಳಿ ಮನೆಗೆ ಒಯ್ಯುವ ಹಾಗಿಲ್ಲ. ಆದರೆ ಸತ್ತೇ ಇಲ್ಲದವನ ಮನೆಗೆ ತಂದದ್ದನ್ನು ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಟ್ಟಿರಲಿಲ್ಲ. ಬಹಳ ಚರ್ಚೆಯಾಗಿ, ಎಲ್ಲರೂ ಕೂತು ಇಲ್ಲೇ ಉಣ್ಣುವುದು, ಸತ್ತವನೂ ಜೊತೆಗೆ ಕೂರುವುದು ಎಂದು ತೀರ್ಮಾನವಾಯಿತು. ಹೀಗೆ ನನ್ನ ತಮ್ಮ ತನ್ನ ಸಾವಿನ ಬುತ್ತಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಬದನೆಕಾಯಿ ಪಲ್ಯ ಮಾತ್ರ ಬಹಳ ರುಚಿಯಾಗಿತ್ತು.

ಅಧ್ಯಕ್ಷ ಎರಡು ರೊಟ್ಟಿ ಇಳಿಸಿದ ಮೇಲೆ ಧೈರ್ಯ ಮಾಡಿ ಕೇಳಿದ: “ಅಣ್ಣಾರ, ನೀವು ಆರಾಮ ಇದ್ರ ಮತ್ತ ಹಿಂಗ್ಯಾಕ ಹಾಡೀರಿ?”

ತಮ್ಮನಿಗೆ ಅಲ್ಲಿಯವರೆಗೆ ಬಾರದ ಸಿಟ್ಟು ಆಗ ಬಂತು. “ಪೂರಾ ಕೇಳೀರೇನ? ಹಚ್ಚ್ರಿ. ಉಂಡ ಮುಗಿಯೂತನಾ ಹಚ್ಚ್ರಿ” ಎಂದ. ಟೆಂಪೋದ ಸೌಂಡ್ ಬಾಕ್ಸಿನಲ್ಲಿ ಹಾಡು ಶುರುವಾಯಿತು. ಗರಗರ ಕಲ್ಲಿನ ಸಪ್ಪಳ, ಆಮೇಲೆ ಅವನ ದನಿ. ಎಲ್ಲರೂ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಕೇಳತೊಡಗಿದರು. ಅಷ್ಟರಲ್ಲಿ ಅವ್ವ ಎದ್ದಳು. ಎಮ್ಮೆಯ ಬಕೆಟ್ಟಿಗೆ ಕೈ ಹಾಕಿದಳು.

“ಅವ್ವಾ!” ಎಂದು ತಮ್ಮ ಕೂಗಿದ. “ಮಂದಿಗಿ ಬ್ಯಾಡಾದ್ರ ಬಿಡ್ಲಿ. ನಿನ್ನ ಹಾಡದು. ನಿನಗೂ ಬ್ಯಾಡಾತ? ಎಲ್ಲಿ ತಪ್ಪೇನಿ ಅದನ್ನಾದ್ರೂ ಹೇಳ. ಇಲ್ಲಂದ್ರ ಇವತ್ತಿನಿಂದ ಬಾಯಿ ತೆಗೆಯೂದಿಲ್ಲ ನಾನು.”

ಅವ್ವ ಬಕೆಟ್ಟು ಕುಕ್ಕಿದಳು. “ಖಾಲಿ ಕಲ್ಲ ತಿರುವೀರಿ! ಕಲ್ಲಿನ ಬಾಯಾಗ ಒಂದ ಕಾಳ ಇಲ್ಲ. ಕಲ್ಲಿಗಿ ಕಲ್ಲ ತಿಕ್ಕಿ ಗರಗರ ಅನ್ನಾಕತ್ತೈತಿ. ಖಾಲಿ ತೊಟ್ಟಲಾ ತೂಗಿದ್ಹಂಗ! ಯಾವ ಮನ್ಯಾಗ ಹಿಂಗ ಮಾಡ್ತಾರೋ? ನನ್ನ ಎದಿ ಧಸಕ್ ಅಂತೈತಿ. ಅದಕ ನೋಡ, ನಿನ್ನ ಮ್ಯಾಲ ಸಾವಿನ ಸುದ್ದಿ ಬಂತ!”

ತಮ್ಮ ಆಗ ನಿಜ ಬಾಯಿಬಿಟ್ಟ. ಮೂಡಲಗಿಯ ಆ ಧೂಳುಭಯದವನು ಜೋಳ ಹಾಕಿದರೆ ಮಶೀನಿಗೆ ಹಿಟ್ಟು ಹಾರುತ್ತದೆಂದು ಖಾಲಿ ಕಲ್ಲನ್ನೇ ತಿರುಗಿಸಿದ್ದನಂತೆ. ಹಿಟ್ಟಿನ ಗಿರಣಿ ನಡೆಸುವ ನನಗೂ ಅದು ತಿಳಿದಿರಲಿಲ್ಲ. ಹಾಡು ಇನ್ನೂ ನಡೆದೇ ಇತ್ತು. ಅವ್ವ ಕೊಟ್ಟಿಗೆಗೆ ಹೋಗಿ ಮೂಡಲಗಿಯಿಂದ ಮರಳಿ ಬಂದಿದ್ದ ಬೀಸುಕಲ್ಲಿನ ಮೇಲಿನ ಗೋಣಿಚೀಲ ಎಳೆದಳು. ಒಂದು ಮೊರ ಜೋಳ ತಂದಳು. ಕಾಲು ಚಾಚಿ ಕೂತು, ಕಲ್ಲಿನ ಗೂಟ ಹಿಡಿದು, ಅದರ ಬಾಯಿಗೆ ಒಂದು ಹಿಡಿ ಸುರಿದಳು. ಟೆಂಪೋದಲ್ಲಿ ಖಾಲಿ ತಿರುಗುತ್ತಿದ್ದ ಕಲ್ಲಿಗೆ ಇಲ್ಲಿಂದ ಕಾಳು ಹಾಕುವವಳ ಹಾಗೆ ಬೀಸತೊಡಗಿದಳು. ಗರಗರ ಸಪ್ಪಳ ಮುಚ್ಚಿಹೋಗಿ ಘುರ್ ಎಂಬ ಮೆತ್ತನೆಯ ಸದ್ದು ಅಂಗಳ ತುಂಬಿತು. ಮೊದಲು ಮಗನ ದನಿಯ ಹಿಂದೆ ಹಿಂದೆ ಗುನುಗಿದಳು, ಆಮೇಲೆ ಅವನನ್ನು ದಾಟಿ ಮುಂದೆ ಹೋದಳು.

ಬೀಸುವ ಹಾಡಿನಲ್ಲಿ ನುಡಿಯ ಕೊನೆಗೆ ಹಾಡುವವಳು ತನ್ನವರ ಹೆಸರು ಕಟ್ಟುತ್ತಾಳೆ. ಅಣ್ಣನದೋ, ತಮ್ಮನದೋ, ಹೊಟ್ಟೆಯ ಮಗನದೋ. ಅವ್ವ ಆ ಜಾಗಕ್ಕೆ ಬಂದಾಗ ನನ್ನ ತಮ್ಮನ ಹೆಸರು ಹಾಡಿದಳು. ಪೋಸ್ಟರಿನ ಮೇಲಿನ ಹೆಸರಲ್ಲ. ತೊಟ್ಟಿಲಲ್ಲಿದ್ದಾಗ ಅವಳೊಬ್ಬಳೇ ಕರೆಯುತ್ತಿದ್ದ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಅದು ಅವರಿಬ್ಬರದು.

ಹುಕ್ಕೇರಿಯ ಅಧ್ಯಕ್ಷ ಮೆಲ್ಲಗೆ ನನ್ನ ಹತ್ತಿರ ಸರಿದು, “ಅಕ್ಕಾರ, ಅವ್ವಾರಿಗೆ ಹೇಳಿ ನಮ್ಮ ಬಳಗದ್ದೂ ಒಂದ ಹೆಸರ…” ಎಂದ. “ಬಾಯಿ ಮುಚ್ಚಿ ರೊಟ್ಟಿ ತಿನ್ನಪಾ” ಎಂದೆ.

ಟ್ರ್ಯಾಕ್ಟರು, ಎತ್ತು, ಟಗರು ಎನ್ನದೆ ಸುತ್ತ ಹಳ್ಳಿಗಳ ಹೆಸರನ್ನೆಲ್ಲ ಹಾಡಿದ್ದ ನನ್ನ ತಮ್ಮ ಕೈಯಲ್ಲಿ ತುತ್ತು ಹಿಡಿದು ಹಾಗೇ ಕೂತಿದ್ದ. ಅವನಿಗಾಗಿ ಅಳಲು ಕಲ್ಲೋಳಿಯಿಂದ, ಹುಕ್ಕೇರಿಯಿಂದ ಜನ ಬಂದಿದ್ದರು. ಆ ದಿನ ಖರೆ ಖರೆ ಅತ್ತವನು ಅವನೊಬ್ಬನೇ.