ಹೂಳೆತ್ತಿದವರೇ ಏರಿ ಕಟ್ಟಬೇಕು

ಕಟ್ಟು ಬಿಚ್ಚಿದ ಮೇಲೆ ಸಿಸ್ಟರಮ್ಮ ಮೊದಲು ಕಣ್ಣು ಮುಚ್ಚುತ್ತಿದ್ದರು. ತಗ್ಗು ಮಣೆಯ ಮೇಲೆ ಕೂತು, ರೋಗಿಯ ಪಾದವನ್ನು ತೊಡೆಯ ಮೇಲಿನ ಬಿಳಿ ಟವೆಲ್ಲಿಗೆ ಎತ್ತಿಕೊಂಡು, ಗಾಯಕ್ಕೆ ಒಂದು ಗೇಣು ದೂರದವರೆಗೆ ಮುಖ ತಂದು ಮೂಸುತ್ತಿದ್ದರು. ಉದ್ದ ಮೂಗು, ತುದಿಯಲ್ಲಿ ಸ್ವಲ್ಪ ಎಡಕ್ಕೆ ತಿರುಗಿತ್ತು. ಮೂಸಿ ಮುಗಿದ ಮೇಲೆಯೇ ಕಣ್ಣು ತೆರೆಯುವುದು.

"ಕಣ್ಣು ಸುಳ್ಳೇಳ್ತದೆ ಕಣಪ್ಪ. ಮೇಲೆ ಚೆಂದಾಗ್ ಕಾಣೋ ಗಾಯ ಒಳಗೆ ಕೊಳೀತಾ ಇರ್ತದೆ. ಮೂಗು ಸುಳ್ಳೇಳಕ್ಕಿಲ್ಲ" ಎನ್ನುತ್ತಿದ್ದರು.

ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದ ಮೇಲೆ ಅವರು ಶ್ರೀರಂಗಪಟ್ಟಣದ ಕೋಟೆಯೊಳಗಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸಕ್ಕರೆ ಕಾಯಿಲೆಯವರ ಗಾಯಗಳಿಗೆ ಕಟ್ಟು ಕಟ್ಟುತ್ತಿದ್ದರು. ಡಾಕ್ಟರ ಚೀಟಿ ಇಲ್ಲದೆ ಯಾರನ್ನೂ ಮುಟ್ಟುತ್ತಿರಲಿಲ್ಲ. ಬೆಳಗಿನ ಬಸ್ಸಿಗೆ ದೇವಲಾಪುರದ ಕಡೆಯಿಂದ, ಬೂಕನಕೆರೆಯಿಂದ ಜನ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಬೈಗುಳ ಅಲ್ಲಿ ಚಿಕಿತ್ಸೆಯ ಒಂದು ಭಾಗ. ಬೂಕನಕೆರೆಯ ರೈತನೊಬ್ಬನ ಕಟ್ಟಿನಲ್ಲಿ ಒಮ್ಮೆ ಗದ್ದೆಯ ಕೆಸರು ಸಿಕ್ಕಿತು.

"ಕೆಸರಿಗೆ ಇಳಿದೆ ಏನ್ಲಾ?"

"ಕಾಲಿಗೆ ಕವರ್ ಕಟ್ಕಂಡಿದ್ದೆ ಕಣಕ್ಕ."

"ಗೊಬ್ಬರದ್ ಕವರ್ ಕಟ್ಕಂಡು ಇಳ್ದಿದೀಯ. ಮುಂದಿನ್ ಸಲ ನಾಟಿನೂ ಕಾಲ್ಮೇಲೇ ಹಾಕ್ಕಂಡ್ ಬಾ, ಇಲ್ಲೇ ಕಳೆ ಕೀಳ್ತೀನಿ!"

ಜಗಲಿಯೆಲ್ಲ ನಕ್ಕಿತು. ಆತನೂ ನಕ್ಕ. ಮತ್ತೆ ಗದ್ದೆಗೆ ಇಳಿಯಲಿಲ್ಲ ಎಂದು ಅವನ ಹೆಂಡತಿ ನಂತರ ಬಂದು ಹೇಳಿದಳು.

ನಾನು ಅಲ್ಲಿಗೆ ಹೋದದ್ದು ಅಪ್ಪನನ್ನು ಕರೆದುಕೊಂಡು. ಅಪ್ಪ ಅದೇ ಊರಿನ ಒಂದು ಚಿಕ್ಕ ದೇವಸ್ಥಾನದ ಪರಿಚಾರಕರು. ದಿನಾ ಬೆಳಗ್ಗೆ ಕಾವೇರಿಯಿಂದ ಒಂದು ಕೊಡ ನೀರು ತಂದು ಗರ್ಭಗುಡಿಯ ಹೊಸ್ತಿಲಿಗೆ ಮುಟ್ಟಿಸುವುದು ಅವರ ನಲವತ್ತು ವರ್ಷದ ಕೆಲಸ. ಒಂದು ಬೇಸಿಗೆಯ ಮಧ್ಯಾಹ್ನ ಪ್ರಾಕಾರದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿ ಬಲಗಾಲಿನ ಹೆಬ್ಬೆರಳ ಕೆಳಗೆ ಸುಟ್ಟುಕೊಂಡಿದ್ದರು. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ಯಾವಾಗಲೋ ತೆಗೆದುಕೊಂಡು ಹೋಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಮನೆಯ ಕೆಂಪು ನೆಲದ ಮೇಲೆ ಒದ್ದೆ ಗುರುತು ಕಂಡು ಅಮ್ಮ ಕೇಳಿದಾಗಲೇ ನಾವೆಲ್ಲ ನೋಡಿದ್ದು.

ಮೈಸೂರಿನ ಶಸ್ತ್ರವೈದ್ಯರು ಪರೀಕ್ಷೆ ಮಾಡಿ ಹೇಳಿದರು: ದೊಡ್ಡ ರಕ್ತನಾಳಗಳಲ್ಲಿ ಹರಿವು ಇದೆ, ಗಾಯದ ಸುತ್ತಲಿನ ಸಣ್ಣವು ಹಾಳಾಗಿವೆ, ಅವು ಮತ್ತೆ ಬೆಳೆಯಬೇಕು. ಮೂರು ವಾರ ನೋಡೋಣ. ಗಾಯ ಕುಗ್ಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ.

ಅಪ್ಪನಿಗೆ ಬೆರಳಿನ ಚಿಂತೆ ಇರಲಿಲ್ಲ. ಅಂಗ ಊನವಾದವನು ದೇವರ ನೀರು ಹೊರುವ ಹಾಗಿಲ್ಲ ಎಂದು ಅವರು ನಂಬಿದ್ದರು. ದೇವಸ್ಥಾನದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಯಾರಾದರೂ ಹೇಳುವ ಮೊದಲೇ ತಾವೇ ಬಿಟ್ಟುಬಿಡುವುದಾಗಿ ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಹೇಳಿದರು.

ಮೊದಲ ದಿನ ಸಿಸ್ಟರಮ್ಮ ಮೂಸಿದರು, ತೊಳೆದರು, ಬಟ್ಟೆಯಂಗಡಿಯ ಸೀರೆ ಕವರಿನಂಥ ಶುಭ್ರವಾದ ಪಾರದರ್ಶಕ ಹಾಳೆಯೊಂದನ್ನು ಗಾಯದ ಮೇಲಿಟ್ಟು ಪೆನ್ನಿನಿಂದ ಅದರ ಅಂಚು ಬರೆದುಕೊಂಡರು. ನನ್ನ ಕಡೆ ತಿರುಗಿ ಏನು ಕೆಲಸ ಎಂದು ಕೇಳಿದರು. ಪತ್ರಿಕೆಯಲ್ಲಿ ವರದಿಗಾರ ಎಂದೆ.

"ಅಂಗಾದ್ರೆ ಬರಿಯೋದು ನಿನ್ ಕೆಲ್ಸ. ಇವ್ರು ಏನ್ ತಿಂತಾರೆ, ಬೆಳಗ್ಗೆ ಸಕ್ಕರೆ ಎಷ್ಟಿದೆ, ಎಲ್ಲಾ ಒಂದ್ ಪುಸ್ತಕದಾಗ್ ಬರ್ಕಂಡ್ ಬಾ ಪೇಪರಪ್ಪ."

ಆ ಹೆಸರು ಕೊನೆಯವರೆಗೂ ಉಳಿಯಿತು.

ಗಾಯದ ಸುತ್ತ ಕೆಂಪಗೆ ಊದಿಕೊಂಡದ್ದನ್ನು ನೋಡಿ ಅಪ್ಪ ಗಾಬರಿಯಾಗಿದ್ದರು. ಅವರಿಗೆ ಸಿಸ್ಟರಮ್ಮ ಹೇಳಿದ ಮಾತನ್ನು ನಾನು ಅದೇ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ. ಸಿಸ್ಟರಮ್ಮ ಪಾಂಡವಪುರದ ಕಡೆಯ ಹಳ್ಳಿಯವರು, ತಂದೆ ನಾಲೆಯ ನೀರುಗಂಟಿ. ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡುವುದು, ಹೂಳು ತೆಗೆಸುವುದು ತಂದೆಯ ಕೆಲಸ; ಮಗಳು ಏರಿಯ ಮೇಲೆ ಅವರ ಹಿಂದೆ ಓಡಾಡಿ ಬೆಳೆದವರು.

"ನೋಡಿ ಸ್ವಾಮಿ, ನಾಲೆ ಒಡೀತು ಅಂದ್ರೆ ಮೊದ್ಲು ಆಳುಗಳು ಬತ್ತಾರೆ. ಹೂಳು, ಕಸ, ಸತ್ತಿದ್ದು ಎಲ್ಲಾನೂ ಎತ್ತಿ ಆಚೆಗೆ ಆಕ್ತಾರೆ. ರಕ್ತದಾಗಿನ ಬಿಳೀ ಕಣಗಳೂ ಅಂಗೇಯ. ಈ ಕೆಂಪು, ಈ ಊತ, ಅವ್ರು ಬಂದವ್ರೆ ಅಂತ. ಎತ್ತಿದ್ ಮೇಲೆ ಅದೇ ಆಳುಗಳು ಗುದ್ಲಿ ತಿರುಗಿಸಿ ಏರಿ ಕಟ್ಬೇಕು. ಇಲ್ಲಿ ಹೊಸ ಕಾಲುವೆ ಬೇಕು ಅಂತ ಕೂಗಿ ಹೇಳ್ಬೇಕು. ಆಗ ಸಣ್ಣ ಸಣ್ಣ ರಕ್ತನಾಳ ಚಿಗುರ್ತವೆ. ಮೈಯಾಗೆ ಸಕ್ಕರೆ ಜಾಸ್ತಿ ಆದ್ರೆ ಅವ್ರಿಗೆ ಕೆಲ್ಸ ಬದಲಾಯ್ಸೋದೇ ಮರ್ತೋಯ್ತದೆ. ಅಗೀತಾನೇ ಇರ್ತಾರೆ. ಇರೋ ಏರಿನೂ ಅಗ್ದಾಕ್ತಾರೆ."

"ಹಾಗಾದರೆ ಅವರಿಗೆ ಹೇಳೋರು ಯಾರಮ್ಮ?" ಎಂದು ಅಪ್ಪ ಕೇಳಿದರು.

"ನೀವೇಯ. ಬಾಯಿ ಕಟ್ಟಿ ಹೇಳ್ಬೇಕು."

ಅಪ್ಪ ಬಾಯಿ ಕಟ್ಟಿದರು. ಕಾಫಿಗೆ ಸಕ್ಕರೆ ಬಿಟ್ಟರು, ಅನ್ನ ಅರ್ಧ ಮಾಡಿದರು. ಆಟೋದಲ್ಲಿ ದೇವಸ್ಥಾನಕ್ಕೆ ಹೋಗಿ ಕೂತಲ್ಲೇ ಹೂ ಕಟ್ಟಿ ಬರುತ್ತಿದ್ದರು. ನೀರಿನ ಕೊಡವನ್ನು ಬೇರೆಯವರು ಹೊರುತ್ತಿದ್ದರು. ನಾನು ಇಡ್ಲಿ ಎಷ್ಟು, ಗುಳಿಗೆ ಯಾವಾಗ ಎಂದು ಗಂಟೆಯ ಸಮೇತ ಬರೆದೆ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಹದದಲ್ಲಿತ್ತು. ಆದರೂ ಮೊದಲ ವಾರ ಸ್ವಲ್ಪ ಕುಗ್ಗಿದ ಗಾಯ ಎರಡನೆಯ ವಾರ ನಿಂತುಬಿಟ್ಟಿತು. ಹೊಸ ಹಾಳೆಯನ್ನು ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಎರಡು ಗೆರೆ ಒಂದರ ಮೇಲೊಂದು ಕೂತಿದ್ದವು. ಸಿಸ್ಟರಮ್ಮ ನನ್ನ ಪುಸ್ತಕವನ್ನು ಪುಟ ಪುಟ ತಿರುವಿದರು. ಏನೂ ಸಿಗಲಿಲ್ಲ.

ಶಸ್ತ್ರವೈದ್ಯರ ಬಳಿ ಹೋಗಲು ಆರು ದಿನ ಉಳಿದಿದ್ದವು. ಅಂದು ನನಗೆ ಕಚೇರಿಯ ಕೆಲಸ ತಡವಾಗಿ, ಎಂದಿನಂತೆ ಬೆಳಗ್ಗೆ ಹೋಗುವ ಬದಲು ಮಧ್ಯಾಹ್ನದ ಪೂಜೆ ಮುಗಿದ ಮೇಲೆ ಅಪ್ಪನನ್ನು ದೇವಸ್ಥಾನದಿಂದ ನೇರ ಅಲ್ಲಿಗೆ ಕರೆದುಕೊಂಡು ಹೋದೆ. ಸಿಸ್ಟರಮ್ಮ ಕಟ್ಟು ಬಿಚ್ಚಿ ಕಣ್ಣು ಮುಚ್ಚಿದರು. ಮೂಸಿದರು. ಕಣ್ಣು ಮುಚ್ಚಿಕೊಂಡೇ ಮುಖವನ್ನು ಗಾಯದಿಂದ ಎತ್ತಿ, ಮಂಡಿಯ ಮೇಲಿದ್ದ ಅಪ್ಪನ ಬಲಗೈಯ ಹತ್ತಿರ ತಂದರು. ಅಪ್ಪ ಕೈ ಹಿಂದೆಗೆದುಕೊಂಡರು.

"ಏನ್ ತಿಂದ್ರಿ ಸ್ವಾಮಿ?"

"ಬೆಳಗ್ಗೆ ಎರಡು ಇಡ್ಲಿ. ಪುಸ್ತಕದಲ್ಲಿದೆ ನೋಡಿ."

"ಕೈಯಾಗೆ ತುಪ್ಪ, ಪಚ್ಚಕರ್ಪೂರ ಗಮ್ ಅಂತದೆ."

"ಓ, ಅದು ಪ್ರಸಾದ. ಸಕ್ಕರೆ ಪೊಂಗಲು."

"ಎಷ್ಟು?"

ಅಪ್ಪ ಅಂಗೈ ಬಟ್ಟಲು ಮಾಡಿ ತೋರಿಸಿದರು.

"ದಿನಾ?"

"ದಿನಾ. ಪ್ರಸಾದ ಊಟದ ಲೆಕ್ಕಕ್ಕೆ ಬರುತ್ತೇನಮ್ಮ?"

ಅವರು ಸುಳ್ಳು ಹೇಳಿರಲಿಲ್ಲ. ಪ್ರಸಾದ ನಮ್ಮ ಮನೆಯಲ್ಲಿ ತಿಂಡಿಯಲ್ಲ. ಊಟಕ್ಕೆ ಮುಂಚೆ ಏನೂ ಮುಟ್ಟಬೇಡ ಎನ್ನುವ ಅಮ್ಮನೇ ಅದನ್ನು ಮಾತ್ರ ಕೈಗೆ ಹಾಕುತ್ತಿದ್ದರು. ಅಪ್ಪ ತಂದ ದೊನ್ನೆಯಿಂದ ನಾನೂ ದಿನಾ ತಿಂದು, ಕೈ ಒರೆಸಿಕೊಂಡು, ಪುಸ್ತಕ ತೆಗೆದು "ಇಡ್ಲಿ ಎರಡು" ಎಂದು ಬರೆದಿದ್ದೆ.

"ಪೇಪರಪ್ಪ, ಕಣ್ಮುಂದೆ ನಡೆದಿದ್ದನ್ನ ಬುಟ್ಟು ಮಿಕ್ಕಿದ್ದೆಲ್ಲಾ ಬರ್ದಿದೀಯಲ್ಲ" ಎಂದು ಸಿಸ್ಟರಮ್ಮ ನಗತೊಡಗಿದರು. ನಗುತ್ತಲೇ ಅಪ್ಪನ ಬೆರಳು ಚುಚ್ಚಿ ಸಕ್ಕರೆ ನೋಡಿದರು. ಯಂತ್ರದ ಅಂಕಿ ಕಂಡು ನಗು ನಿಂತಿತು.

"ದೇವ್ರು ಕೊಟ್ಟಿದ್ದು ಅಂತ ರಕ್ತಕ್ಕೇನ್ ಗೊತ್ತು ಸ್ವಾಮಿ? ಅದ್ಕೆ ಅದು ಬರೀ ಬೆಲ್ಲ."

"ಬೇಡ ಅನ್ನೋದು ಅಪಚಾರ. ನನ್ನಿಂದ ಆಗಲ್ಲಮ್ಮ."

ಸಿಸ್ಟರಮ್ಮ ವಾದಿಸಲಿಲ್ಲ. ಗಾಯ ತೊಳೆದು, ಹೊಸ ಕಟ್ಟು ಕಟ್ಟಿ, ಅಂಚು ಕತ್ತರಿಸಿದ ಮೇಲೆ ಕೇಳಿದರು: "ಒಂದಗುಳು ತಿಂದ್ರೆ ಪ್ರಸಾದ ಆಯ್ತದೋ ಇಲ್ವೋ?"

ಅಪ್ಪ ತಮ್ಮ ಅಂಗೈ ನೋಡಿಕೊಂಡರು. "ಆಗುತ್ತೆ. ಒಂದಗುಳೂ ಪ್ರಸಾದವೇ."

"ಅಷ್ಟೇ ಮತ್ತೆ. ಕಣ್ಣಿಗೊತ್ಕಂಡು ಒಂದಗುಳು. ಮಿಕ್ಕಿದ್ ಪುಣ್ಯ ಬೇರೆಯೋರ್ಗೆ ಬುಡಿ."

ಮರುದಿನದಿಂದ ಪುಸ್ತಕದಲ್ಲಿ ಹೊಸ ಸಾಲು ಶುರುವಾಯಿತು: ಪ್ರಸಾದ, ಒಂದು ಅಗುಳು. ಯಂತ್ರದ ಆ ಅಂಕಿ ನೋಡಿ ಸಕ್ಕರೆ ಕಾಯಿಲೆಯ ಡಾಕ್ಟರು ಔಷಧವನ್ನೂ ಬದಲಾಯಿಸಿದರು. ಆರನೆಯ ದಿನ ಮೈಸೂರಿಗೆ ಒಯ್ದ ಹಾಳೆಯಲ್ಲಿ ಹೊಸ ಗೆರೆ ಹಳೆಯದರ ಒಳಗೆ, ಒಂದು ರಾಗಿ ಕಾಳಿನಷ್ಟು ಒಳಗೆ, ಬಂದಿತ್ತು. ವೈದ್ಯರು ಅದನ್ನು ಕಿಟಕಿಗೆ ಹಿಡಿದು ನೋಡಿ, ಕಾಯೋಣ ಎಂದರು. ಮೂರು ತಿಂಗಳು ಹಿಡಿಯಿತು. ಕೊನೆಯ ಹಾಳೆಯಲ್ಲಿ ಗೆರೆ ಬರೆಯಲು ಜಾಗವಿರಲಿಲ್ಲ. ಸಿಸ್ಟರಮ್ಮ ಒಂದು ಚುಕ್ಕೆ ಇಟ್ಟು ಅಪ್ಪನ ಕೈಗೆ ಕೊಟ್ಟರು. ಹೊಳೆಯ ಮೆಟ್ಟಿಲವರೆಗೆ, ದೇವಸ್ಥಾನದ ಬಾಗಿಲವರೆಗೆ ಮೆತ್ತನೆಯ ರಬ್ಬರಿನ ಚಪ್ಪಲಿ ಹಾಕಲು ಒಪ್ಪಿಸಿ, ಕೊಡವನ್ನು ಮತ್ತೆ ಹೊರಲು ಬಿಟ್ಟರು.

ಆ ವರ್ಷ ನಾನು ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಲೇಖನ ಬರೆದೆ. ಅಚ್ಚಿಗೆ ಕೊಡುವ ಮೊದಲು ತೋರಿಸಿದಾಗ "ರೋಗನಿರೋಧಕ ಶಕ್ತಿ ಕುಂದುತ್ತದೆ" ಎಂದಿದ್ದ ಸಾಲಿನ ಮೇಲೆ ಸಿಸ್ಟರಮ್ಮ ಬೆರಳಿಟ್ಟರು. "ಕುಂದೋದೊಂದೇ ಅಲ್ಲ ಕಣಪ್ಪ, ದಾರಿ ತಪ್ಪೋದು. ಆಳು ಅವ್ನೆ, ಏರಿ ಕಟ್ತಿಲ್ಲ. ಅದ್ನ ಬರಿ." ಬರೆದೆ. ಅಂದಿನಿಂದ ಏನೇ ಬರೆದು ಮುಗಿಸಿದರೂ ಕಣ್ಣೆದುರಿಗೇ ಇದ್ದು ಬಿಟ್ಟುಹೋದದ್ದು ಯಾವುದು ಎಂದು ಒಮ್ಮೆ ಹಿಂದಿರುಗಿ ನೋಡುತ್ತೇನೆ.

ಅಪ್ಪ ವಾರಕ್ಕೊಮ್ಮೆ ಸಿಸ್ಟರಮ್ಮನಿಗೆ ದೊನ್ನೆಯಲ್ಲಿ ಪ್ರಸಾದ ಕೊಟ್ಟು ಬರುತ್ತಿದ್ದರು. ಅವರು ಕಣ್ಣಿಗೊತ್ತಿಕೊಂಡು ಒಂದೇ ಅಗುಳು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಜಗಲಿಯಲ್ಲಿ ರೋಗಿಗಳ ಜೊತೆ ಬಂದವರಿಗೆ ಹಂಚುತ್ತಿದ್ದರು. "ನಂಗೂ ಹತ್ ವರ್ಷದಿಂದ ಸಕ್ಕರೆ ಅದೆ ಸ್ವಾಮಿ" ಎಂದು ಹೇಳಿದ್ದು ಬಹಳ ದಿನದ ಮೇಲೆ.

ಕಳೆದ ಮಾಗಿಯಲ್ಲಿ ಒಂದು ಬೆಳಗ್ಗೆ, ಕಟ್ಟಿನ ಬಟ್ಟೆ ಮಡಿಸುತ್ತ ಕೂತಲ್ಲೇ ಅವರು ತೀರಿಕೊಂಡರು. ಸುದ್ದಿ ತಿಳಿದಾಗ ಅಪ್ಪ ಹೊಳೆಯಿಂದ ನೀರು ತಂದು ಇಳಿಸಿದ್ದರಷ್ಟೆ. ಹೋಗಿ ನೋಡಿಕೊಂಡು ಬಂದು, ಸ್ನಾನ ಮಾಡಿ, ಮಧ್ಯಾಹ್ನದ ಪೂಜೆಗೆ ಹೋದರು. ಸಂಜೆ ನಾನು ಎಂದಿನಂತೆ ಪುಸ್ತಕ ತೆರೆದು "ಪ್ರಸಾದ, ಒಂದು ಅಗುಳು" ಎಂದು ಬರೆಯತೊಡಗಿದೆ.

"ಎರಡು ಅಂತ ಬರಿ" ಎಂದರು ಅಪ್ಪ. "ಒಂದು ಅವರ ಪಾಲಿಂದು."