ಗೋಂದಕ್ಕ ಅಂಟಿಸಿದ ಪುಟ

ನನ್ನ ನಾದಿನಿಗೆ ಮಕ್ಕಳೆಂದರೆ ಪಂಚಪ್ರಾಣ ಎಂದು ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ನನಗಂತೂ ಅವಳನ್ನು ಕಂಡರೆ ಮೈ ಉರಿಯುತ್ತದೆ.

ಲೈಬ್ರರಿಯ ಮಕ್ಕಳ ವಿಭಾಗ ಅವಳ ಕೈಯಲ್ಲಿದೆ. ಹೊಸ ಚಿತ್ರಪುಸ್ತಕ ಬಂದರೆ ಮೊದಲು ಅವಳ ಮೇಜಿಗೇ ಹೋಗಬೇಕು. ಸಾವು, ಕಣ್ಣೀರು, ಕತ್ತಲೆಯ ಚಿತ್ರ ಸಿಕ್ಕಿತೋ, ಎದುರುಬದುರಿನ ಎರಡು ಪುಟಗಳಿಗೆ ಗೋಂದು ಬಳಿದು ಅಂಟಿಸಿ, ಮೇಲೊಂದು ನಿಘಂಟು ಹೇರಿಬಿಡುತ್ತಾಳೆ. ಜೊತೆಯವರು ಬೆನ್ನ ಹಿಂದೆ ಅವಳನ್ನು ಗೋಂದಕ್ಕ ಎನ್ನುತ್ತಾರೆ. ತಾಯಿ ತೀರಿಕೊಂಡಾಗ ಅವಳಿನ್ನೂ ಎಳೆ ಹುಡುಗಿ; ಅತ್ತಿದ್ದಕ್ಕೆ ಹಿರಿಯರು ಗದರಿ ಬಾಯಿ ಮುಚ್ಚಿಸಿದ್ದರಂತೆ. ಆ ಪಾಠವನ್ನು ಅವಳು ಚೆನ್ನಾಗಿಯೇ ಕಲಿತಳು. ಈಗ ಊರ ಮಕ್ಕಳಿಗೆಲ್ಲ ಕಲಿಸುತ್ತಿದ್ದಾಳೆ.

ನನ್ನ ಗಂಡ, ಅಂದರೆ ಅವಳ ಒಡಹುಟ್ಟಿದ ಅಣ್ಣ, ಹೋದ ವರ್ಷ ತೀರಿಕೊಂಡರು. ಮರುವಾರವೇ ಗೋಡೆಯ ಮೇಲಿದ್ದ ಅವರ ಫೋಟೋವನ್ನು ನಾದಿನಿ ಕೆಳಗಿಳಿಸಿದಳು.

"ಅತ್ತಿಗೆ, ಮಗು ಮುಂದೆ ಕಣ್ಣೀರು ಹಾಕ್ಬೇಡಿ. ನಗ್ತಾ ಇರಿ. ಮರೆತುಬಿಡತ್ತೆ" ಎಂದಳು.

ನಾನೂ ದಡ್ಡಿ, ಒಪ್ಪಿದೆ. ತಲೆ ಬಾಚುವಾಗ ನಗು, ಊಟ ಬಡಿಸುವಾಗ ನಗು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅಳು. ಮಗಳು ಅಪ್ಪನ ಮಾತನ್ನೇ ಎತ್ತಲಿಲ್ಲ. ಬರಬರುತ್ತ ನನ್ನ ಹತ್ತಿರ ಸುಳಿಯುವುದನ್ನೂ ಬಿಟ್ಟಳು. ಮುಟ್ಟಿದರೆ ಜಾರಿಕೊಳ್ಳುತ್ತಿದ್ದಳು. ಗಂಡ ಹೋದರು, ಮಗಳೂ ಕೈತಪ್ಪುತ್ತಿದ್ದಾಳೆ ಎಂದು ನನಗೆ ದಿಗಿಲು ಹತ್ತಿತು. ನಾದಿನಿ ಮಾತ್ರ ಪರೀಕ್ಷೆ ಪಾಸಾದವಳಂತೆ ಬೀಗುತ್ತಿದ್ದಳು.

ಒಂದು ಸಂಜೆ ಮಗಳನ್ನು ಕರೆತರಲು ಲೈಬ್ರರಿಗೆ ಹೋದೆ. ನಾದಿನಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕರಡಿಗಳ ಪುಸ್ತಕ ಓದುತ್ತಿದ್ದಳು. ಒಂದು ಪುಟದಲ್ಲಿ ಅಪ್ಪ ಕರಡಿ ಹಿಮದಲ್ಲಿ ಮೀನು ಹಿಡಿಯಲು ಹೊರಡುತ್ತದೆ. ಅದನ್ನು ಮಗುಚಿದರೆ ಹೂ ಬಿಟ್ಟ ಮರದ ಕೆಳಗೆ ಅಮ್ಮ, ಮರಿ ನಗುತ್ತಿವೆ. ನಡುವಿನ ಜೋಡಿಪುಟ ದಪ್ಪಗೆ ಅಂಟಿಕೊಂಡಿತ್ತು.

"ಅತ್ತೆ, ಅಪ್ಪ ಕರಡಿ ಎಲ್ಲಿ?"

"ಕೆಲಸಕ್ಕೆ ಹೋಗಿದೆ ಪುಟ್ಟಿ. ಹೂ ನೋಡು, ಎಷ್ಟು ಚೆಂದ!"

"ಅದು ಬರ್ಲಿಲ್ಲ ಅಂತ ಇವರಿಗೆ ಖುಷಿನಾ?" ಮಗಳು ತಿರುಗಿ ನನ್ನನ್ನು ನೋಡಿದಳು. "ಅಮ್ಮನ ಥರ?"

ಪುಸ್ತಕ ಕಿತ್ತುಕೊಂಡೆ.

"ಅತ್ತಿಗೆ, ಲೈಬ್ರರಿ ಪುಸ್ತಕ ಅದು!" ನಾದಿನಿ ಚೀರಿದಳು.

"ಬಾಯ್ಮುಚ್ಚು! ನನ್ನ ಮಗಳ ಬಾಯಿಗೂ ಗೋಂದು ಮೆತ್ತಿದೀಯಲ್ಲ, ಸಾಲ್ದಾ?"

ಮೇಜಿನ ಮೇಲಿದ್ದ ಸ್ಕೇಲು ತೂರಿಸಿ ಪುಟ ಬಿಡಿಸಿದೆ. ಅಲ್ಲಲ್ಲಿ ಬಣ್ಣ ಕಿತ್ತುಬಂತು. ಎರಡೂ ಪುಟದ ತುಂಬ ಕಡುನೀಲಿ. ಮೂಲೆಯಲ್ಲಿ ಪುಟ್ಟ ಮೇಜು, ಅಮ್ಮ, ಮರಿ, ಒಂದು ಖಾಲಿ ಕುರ್ಚಿ. ಕೆಳಗೆ ಒಂದೇ ಸಾಲು: 'ಅವತ್ತೂ ಮೂರು ತಟ್ಟೆ ಇಟ್ಟರು.' ಸತ್ತಿತು ಎಂದು ಎಲ್ಲೂ ಬರೆದಿರಲಿಲ್ಲ. ಅಮ್ಮ ಕರಡಿಯ ಕಣ್ಣೀರೂ ಇರಲಿಲ್ಲ, ಬರೀ ಬೆನ್ನು ಕಾಣುತ್ತಿತ್ತು. ಮಾತು ಹೇಳದೆ ಬಿಟ್ಟಿದ್ದನ್ನೆಲ್ಲ ಆ ನೀಲಿ ಹೇಳುತ್ತಿತ್ತು.

ಮಗಳು ಖಾಲಿ ಕುರ್ಚಿಯ ಮೇಲೆ ಬೆರಳಿಟ್ಟಳು. "ಅಪ್ಪಂದು" ಎಂದಳು. ಆಮೇಲೆ ಕೇಳಿದಳು: "ಅಮ್ಮ ಕರಡಿ ಯಾಕೆ ಆ ಕಡೆ ತಿರುಗಿದೆ?"

"ಅಳೋದು ಮರಿಗೆ ಕಾಣ್ಬಾರ್ದು ಅಂತ." ನಾನು ಅವಳ ಮುಂದೆ ಮಂಡಿಯೂರಿ ಕೂತೆ. "ನಾನೂ ಹಾಗೇ ಕಣೆ. ನಿಂಗೆ ಕಾಣದ ಹಾಗೆ ಅಳ್ತೀನಿ."

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು.

"ಮತ್ತೆ ನನ್ನನ್ಯಾಕೆ ಕರೀಲಿಲ್ಲ?"

ಅಲ್ಲೇ, ಎಲ್ಲರೆದುರು, ಇಬ್ಬರೂ ತಬ್ಬಿಕೊಂಡು ಅತ್ತೆವು. ನಾದಿನಿ ಕರವಸ್ತ್ರ ಚಾಚಿದಳು. ಅವಳ ಕಣ್ಣೂ ಕೆಂಪಾಗಿತ್ತು. ನಾನು ತೆಗೆದುಕೊಳ್ಳಲಿಲ್ಲ.