ಕಡಲೆಕಾಯಿ ಸುಲಿಯುತ್ತಾ ಕೇಳಿದ ಕಥೆ

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಕಥೆ ಓದುವುದಕ್ಕೂ ಒಂದು ಹಂಗಾಮು ಇತ್ತು. ಅದು ಬಿತ್ತನೆಗೆ ಮುಂಚಿನ ಹತ್ತು ಹನ್ನೆರಡು ದಿನ. ಹಿರೇನಲ್ಲೂರಿನಿಂದ ಎರಡು ಮೈಲಿ ದೂರದ ಊರು ನಮ್ಮದು. ಹೊಲಗಳೆಲ್ಲ ಮಳೆಯನ್ನು ನಂಬಿದವು, ಹೆಚ್ಚಿನವರು ಹಾಕುತ್ತಿದ್ದುದು ಕಡಲೆಕಾಯಿ. ಬೀಜಕ್ಕೆಂದು ಎತ್ತಿಟ್ಟ ಕಾಯಿಯನ್ನು ಯಾರೂ ಯಂತ್ರಕ್ಕೆ ಹಾಕುತ್ತಿರಲಿಲ್ಲ. ಯಂತ್ರ ಬೀಜದ ಕೆಂಪು ಸಿಪ್ಪೆಯನ್ನು ಗೀರುತ್ತದೆ, ಗೀರಿದ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಆದ್ದರಿಂದ ಮೂಟೆಗಟ್ಟಲೆ ಕಾಯಿಯನ್ನು ಕೈಯಲ್ಲೇ ಸುಲಿಯಬೇಕಿತ್ತು.

ಒಂದು ಮನೆಯವರಿಂದ ಆಗುವ ಕೆಲಸ ಅದಲ್ಲ. ಕೇರಿಯ ಹೆಂಗಸರು ಒಬ್ಬರ ಮನೆಯ ಕಾಯಿ ಮುಗಿಸಿ ಇನ್ನೊಬ್ಬರ ಮನೆಗೆ ಮುಯ್ಯಾಳಾಗಿ ಹೋಗುತ್ತಿದ್ದರು. ಇಂದು ನೀವು ನಮಗೆ ದುಡಿದರೆ ನಾಳೆ ನಾವು ನಿಮಗೆ. ಯಾರ ಮನೆ ಮೊದಲು ಎಂಬುದು ಮಾತ್ರ ಅವರವರ ಇಷ್ಟ. ಚೆನ್ನಾಗಿ ಕಥೆ ಓದುವವರು ಯಾವ ಮನೆಯಲ್ಲಿ ಇದ್ದಾರೋ ಆ ಮನೆಗೆ ಹೆಂಗಸರು ಮೊದಲು ಹೋಗುತ್ತಿದ್ದರು. ಅಪ್ಪನಿಗೂ ಕಥೆ ಬೇಕಿತ್ತು, ಆದರೆ ಕಾರಣ ಬೇರೆ. “ಕಿವಿಗೆ ಕೆಲಸ ಕೊಟ್ರೆ ಬಾಯಿ ಸುಮ್ನಿರ್ತೈತೆ” ಎನ್ನುತ್ತಿದ್ದರು. ಬೀಜ ತಿನ್ನದಿರಲಿ ಎಂಬುದು ಅವರ ಲೆಕ್ಕ. ನಾನು ಕಂಡಂತೆ ಆ ಲೆಕ್ಕ ಅಷ್ಟು ಸರಿಯಿರಲಿಲ್ಲ. ಕಥೆ ಬಿಗಿಯಾದಾಗಲೆಲ್ಲ ಕೈಗಳು ತಾವಾಗಿಯೇ ಬಾಯಿಗೆ ಹೋಗುತ್ತಿದ್ದವು.

ನಮ್ಮ ಮನೆಯಲ್ಲಿ ಓದುತ್ತಿದ್ದವಳು ಅಕ್ಕ. ಅವಳು ಏಳನೇ ತರಗತಿ, ನಾನು ಐದನೆಯದು. ಓದುವವರಿಗೆ ಪಡಸಾಲೆಯ ಕಂಬಕ್ಕೆ ಒರಗಿ ಕೂರಲು ಒಂದು ಮಣೆ. ಅವರು ಕಾಯಿ ಮುಟ್ಟಬೇಕಾಗಿರಲಿಲ್ಲ. ಉಳಿದವರು ನೆಲದಲ್ಲಿ ಕೂತು ಸುಲಿಯಬೇಕು. ಕಾಯಿ ಮೆತ್ತಗಾಗಲೆಂದು ನೀರು ಚಿಮುಕಿಸಿದ್ದರೂ ಮೊದಲ ದಿನ ಉಗುರು ನೋಯುತ್ತದೆ, ಎರಡನೆಯ ದಿನ ಹೆಬ್ಬೆರಳಿನ ತುದಿ ಕೆಂಪಾಗುತ್ತದೆ, ಮೂರನೆಯ ದಿನ ಚರ್ಮ ಏಳುತ್ತದೆ. ನನಗೆ ಆಗ ಮೂರನೆಯ ದಿನ ನಡೆಯುತ್ತಿತ್ತು. ಮಣೆಯ ಮೇಲಿನ ಅಕ್ಕನ ಬೆರಳುಗಳು ಎಷ್ಟು ಬೆಳ್ಳಗಿವೆ ಎಂದು ನೋಡುವುದೇ ನನಗೆ ಕೆಲಸವಾಗಿತ್ತು.

ಆ ಬೆಳಿಗ್ಗೆ ಅಕ್ಕನ ಗಂಟಲು ಕಟ್ಟಿತು. ಕಾಯಿ ಒಡೆಯುವ ಸದ್ದನ್ನು ಮೀರಿ ಎರಡು ದಿನ ಕೂಗಿ ಓದಿದ್ದಕ್ಕೆ ಧ್ವನಿಯೇ ಹೊರಡದಾಯಿತು. ಅವ್ವ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಳು. ನಾನು ಬೇಸರವಾದವನಂತೆ ಮುಖ ಮಾಡಿ, ಪುಸ್ತಕ ತೆಗೆದುಕೊಂಡು ಹೋಗಿ ಮಣೆಯ ಮೇಲೆ ಕೂತೆ. ಅಕ್ಕ ನನ್ನ ಜಾಗದಲ್ಲಿ ಕಾಯಿ ರಾಶಿಯ ಮುಂದೆ ಕೂತಳು.

ಅಪ್ಪ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದರು. “ಹೊಲ ಹದಕ್ಕೆ ಬಂದೈತೆ. ನಾಳಿದ್ದು ಬಿತ್ತಾಕೆ ಕೂರಿಗೆ ಹೂಡ್ಬೇಕು. ಇನ್ನೂ ಎರಡು ಮೂಟೆ ಐತೆ. ಸರಿಯಾಗಿ ಓದು. ಇವರೇನಾದ್ರೂ ಎದ್ದು ಆಚೆಮನೆಗೆ ಹೋದ್ರೆ ನಾಳೆಯಿಂದ ನಿನಗೆ ರಾಶಿನೇ ಗತಿ.” ಆಚೆಮನೆಯವರದ್ದೂ ಮೂರು ಮೂಟೆ ಬಾಕಿಯಿತ್ತು. ಅವರ ಮನೆಗೆ ಹೊಸದಾಗಿ ಬಂದಿದ್ದ ಸೊಸೆ ನಾಟಕದವರ ಹಾಗೆ ಧ್ವನಿ ಬದಲಿಸಿ ಓದುತ್ತಾಳೆಂದು ಸುದ್ದಿ ಆಗಲೇ ಕೇರಿಯಲ್ಲಿ ಹರಡಿತ್ತು. ಹದ ಎರಡು ಮೂರು ದಿನದಲ್ಲಿ ಆರುತ್ತದೆ ಎಂಬುದು ಐದನೇ ತರಗತಿಯವನಿಗೂ ಗೊತ್ತಿದ್ದ ವಿಷಯ.

ಪುಸ್ತಕವೆಂದರೆ ಅಪ್ಪ ಕಡೂರು ಸಂತೆಯಿಂದ ತಂದಿದ್ದ ಹಳೆಯ ವಾರಪತ್ರಿಕೆ. ರಟ್ಟು ಹೋಗಿತ್ತು, ಒಳಗಿನ ಕಥೆ ಪೂರ್ತಿಯಾಗಿತ್ತು. ಸುತ್ತ ಕೂತಿದ್ದ ಹೆಂಗಸರು ಎಷ್ಟೆಂದು ಈಗ ನಿಖರವಾಗಿ ಹೇಳಲಾರೆ. ಎಂಟಕ್ಕೆ ಕಡಿಮೆಯಿರಲಿಲ್ಲ. ಇಬ್ಬರು ಚೆನ್ನಾಗಿ ನೆನಪಿದ್ದಾರೆ. ಒಬ್ಬಳು ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ. ಅವಳು ಎದ್ದರೆ ಉಳಿದವರೂ ಏಳುತ್ತಿದ್ದರು. ಇನ್ನೊಬ್ಬಳು ಮೂಲೆಮನೆ ಅಜ್ಜಿ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಸುಲಿದ ಬೀಜವೆಲ್ಲ ಕೊನೆಗೆ ಅವಳ ಮೊರಕ್ಕೆ ಬರುತ್ತಿತ್ತು. ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿ ಜೊಳ್ಳನ್ನು ಆಚೆಗೆ ಹಾಕುತ್ತಿದ್ದಳು.

ಕಥೆಯಲ್ಲಿ ಒಂದು ಪೇಟೆ. ಅಲ್ಲಿ ಗಡಿಯಾರ ರಿಪೇರಿ ಮಾಡುವ ಅಣ್ಣ ತಮ್ಮ. ಪೇಟೆಯ ನಡುವೆ ಎತ್ತರದ ಗೋಪುರ, ಅದರ ಮೇಲೆ ಎಷ್ಟೋ ವರ್ಷದಿಂದ ನಿಂತುಹೋದ ದೊಡ್ಡ ಗಡಿಯಾರ. ಅಣ್ಣ ತಿಂಗಳುಗಟ್ಟಲೆ ಕೆಲಸ ಮಾಡಿ ಅದನ್ನು ನಡೆಯುವಂತೆ ಮಾಡುತ್ತಾನೆ. ಅಮಲ್ದಾರರು ಬಂದು ಅವನಿಗೆ ಹಾರ ಹಾಕುತ್ತಾರೆ. ನಾನು ‘ಅಮಲ್ದಾರ’ ಎಂಬಲ್ಲಿ ಎರಡು ಸಲ ತಡವರಿಸಿದೆ. ದೊಡ್ಡಮ್ಮ ನಕ್ಕಳು.

“ಅಮಲ್ದಾರ್ ಗೊತ್ತಿಲ್ವೇನೋ? ತಾಲ್ಲೂಕು ಕಚೇರಿ ದೊಡ್ಡ ಸಾಹೇಬ್ರು ಕಣೋ. ಖಾತೆ ಮಾಡ್ಸಾಕೆ ಅವ್ರ ಬಾಗ್ಲಲ್ಲಿ ಮೂರು ದಿನ ಕೂತಿದ್ದೀನಿ. ಹಾರ ಹಾಕೋದಿರ್ಲಿ, ಮುಖ ಎತ್ತಿ ನೋಡ್ಲಿಲ್ಲ.”

ಎಲ್ಲರೂ ನಕ್ಕರು. ನನಗೆ ನಗು ಹಿಡಿಸಲಿಲ್ಲ. ಇನ್ನು ತಡವರಿಸಬಾರದು ಎಂದುಕೊಂಡು ಮುಂದೆ ಓದಿದೆ: “ಗೋಪುರದ ಗಡಿಯಾರ ಹನ್ನೆರಡು ಗಂಟೆ ಹೊಡೆಯಿತು. ಅದನ್ನು ಕೇಳಿ ತಮ್ಮನ ಎದೆಯಲ್ಲಿ ಅಸೂಯೆ ಮೂಡಿತು.”

“ಹಂಗಂದ್ರೇನೋ?” ದೊಡ್ಡಮ್ಮ ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಮಣೆ ಹೋಗುತ್ತದೆ ಎಂದು ಹೆದರಿದೆ. ಅಣ್ಣನಿಗೆ ಹಾರ ಬಿದ್ದಿದೆ, ಪೇಟೆಯೆಲ್ಲ ಸಂತೋಷದಲ್ಲಿದೆ, ತಮ್ಮನ ಎದೆಯಲ್ಲಿ ಏನೋ ಮೂಡಿದೆ. ಒಳ್ಳೆಯದೇ ಇರಬೇಕು. “ಅಕ್ಕರೆ” ಎಂದೆ, ಗಟ್ಟಿಯಾಗಿಯೇ. ಅಕ್ಕ ಕಾಯಿಯಿಂದ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಸರಿಯಾದ ಅರ್ಥ ಗೊತ್ತಿದೆ, ಧ್ವನಿಯಿಲ್ಲದ್ದರಿಂದ ಸುಮ್ಮನಿದ್ದಾಳೆ ಎಂದು ನನಗೆ ಅನ್ನಿಸಿತು. ನಾನು ಬೇಗನೆ ಪುಟದ ಕಡೆ ತಿರುಗಿದೆ.

“ನೋಡ್ರೇ, ತಮ್ಮ ಅಂದ್ರೆ ಹಿಂಗಿರ್ಬೇಕು,” ದೊಡ್ಡಮ್ಮ ಹೇಳಿದಳು. “ನಮ್ಮನೇಲೂ ಅದಾವಲ್ಲ ಎರಡು, ಒಂದು ರೊಟ್ಟಿಗೆ ಕುಸ್ತಿ ಬೀಳ್ತವೆ.”

ಸ್ವಲ್ಪ ಹೊತ್ತು ಎಲ್ಲವೂ ಸುಸೂತ್ರವಾಗಿತ್ತು. ಕಾಯಿಗಳು ಚಟಚಟನೆ ಒಡೆಯುತ್ತಿದ್ದವು. ಪಡಸಾಲೆಯ ತುಂಬ ಹಸಿ ಸಿಪ್ಪೆಯ ಮಣ್ಣುವಾಸನೆ. ಆದರೆ ಕಥೆ ನನ್ನ ಮಾತು ಕೇಳಲಿಲ್ಲ. ತಮ್ಮನ ಅಸೂಯೆ ದಿನದಿನಕ್ಕೆ ಹೆಚ್ಚಿತು ಎಂದು ಅದರಲ್ಲಿತ್ತು. ಹೆಚ್ಚಿದ ಮೇಲೆ ಅವನು ಅಣ್ಣನ ಮನೆಯಲ್ಲಿ ಊಟ ಬಿಟ್ಟ, ಅಣ್ಣ ಎದುರಾದರೆ ಬೇರೆ ಬೀದಿಗೆ ತಿರುಗಿದ. ಕೊನೆಗೆ ಒಂದು ದಿನ ಗೋಪುರ ಹತ್ತಿ ಗಡಿಯಾರದೊಳಗಿನ ಒಂದು ಚಿಕ್ಕ ಹಲ್ಲುಚಕ್ರ ತೆಗೆದು ಜೇಬಿಗೆ ಹಾಕಿಕೊಂಡ. ಗಡಿಯಾರ ನಿಂತಿತು. ಜನ ಅಣ್ಣನನ್ನು ಬೈದರು.

ದೊಡ್ಡಮ್ಮ ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಎಸೆದಳು. “ಇದೆಂಥ ಕಥೆಲೇ? ಅಕ್ಕರೆ ಹೆಚ್ಚಾದ್ರೆ ಯಾರಾದ್ರೂ ಉಣ್ಣೋದ್ ಬಿಡ್ತಾರಾ? ಅಣ್ಣನ ಕೆಲ್ಸ ಕೆಡಿಸ್ತಾರಾ? ಬರ್ದೋನಿಗೆ ತಲೆ ಕೆಟ್ಟೈತೆ.”

“ಓದೋನಿಗೂ ಕೆಟ್ಟಿರ್ಬೋದು,” ಇನ್ನೊಬ್ಬಳು ಅಂದಳು.

“ಏಳ್ರೇ, ಆಚೆಮನೆಗೆ ಹೋಗಾನ. ಆ ಸೊಸೆಮಗಳು ತಲೆಬಾಲ ಇರೋ ಕಥೆನಾದ್ರೂ ಓದ್ತಾಳೆ.” ದೊಡ್ಡಮ್ಮ ಸೆರಗಿನ ಸಿಪ್ಪೆ ಕೊಡವಿಕೊಂಡು ಎದ್ದು ನಿಂತಳು. ಅವಳ ಹಿಂದೆ ಮೂವರು ಎದ್ದರು. ಬಾಗಿಲಲ್ಲಿ ಕೂರಿಗೆಗೆ ಹಗ್ಗ ಬಿಗಿಯುತ್ತಿದ್ದ ಅಪ್ಪ ಕೈ ನಿಲ್ಲಿಸಿದರು. ನನ್ನನ್ನು ನೋಡಿದರು. ಎರಡು ಮೂಟೆಯಲ್ಲಿ ಒಂದರ ಬಾಯಿ ಇನ್ನೂ ಬಿಚ್ಚಿರಲಿಲ್ಲ.

ಆಗ ಮೂಲೆಮನೆ ಅಜ್ಜಿ ಮೊರದಿಂದ ಕಣ್ಣು ತೆಗೆಯದೆ ಮಾತಾಡಿದಳು. “ಕೂತ್ಕೊಳ್ರೇ ಲೇ. ಒಂದು ಬೀಜ ಕೆಟ್ಟಿದ್ರೆ ಆ ಬೀಜ ತೆಗೀತಾರೆ, ಮೂಟೆನೇ ಎಸೀತಾರಾ? ಗಡಿಯಾರದ ಒಳಗೆ ಎಷ್ಟು ಹಲ್ಲು ಐತೆ ಅಂತ ಬರ್ದೋನಿಗೆ ತಮ್ಮನ ಹೊಟ್ಟೇಲಿ ಏನೈತೆ ಅಂತ ಗೊತ್ತಿರಾಕಿಲ್ವಾ? ಕಥೆ ನೆಟ್ಟಗೈತೆ. ಮಧ್ಯದಲ್ಲಿ ಒಂದು ಮಾತು ಕೆಟ್ಟೈತೆ. ಲೇ ಮಗ, ಆ ಗಂಟೆ ಹೊಡೆದ ಜಾಗ ಇನ್ನೊಂದ್ಸಲ ಓದು.”

ಓದಿದೆ. ಧ್ವನಿ ಅಕ್ಕನದಕ್ಕಿಂತ ಸಣ್ಣದಾಗಿತ್ತು.

“ಅಲ್ಲಿಂದ ಅಕ್ಕರೆ ತೆಗಿ. ಬೇರೆ ಏನಾದ್ರೂ ಇಟ್ಟು ನೋಡಾನ.”

“ಸಿಟ್ಟು?” ನಿಂತಿದ್ದವಳೊಬ್ಬಳು ಹೇಳಿದಳು.

“ಅಣ್ಣ ಅವ್ನಿಗೇನು ಮಾಡಿದ್ದ ಸಿಟ್ಟು ಬರಾಕೆ? ಗಂಟೆ ಹೊಡೆದ್ರೆ ಯಾರಿಗ್ ಸಿಟ್ಟು ಬರ್ತೈತೆ?” ಅಜ್ಜಿ ಕೇಳಿದಳು.

“ಹೆದ್ರಿಕೆ?”

“ಹೆದ್ರಿದೋನು ಅಷ್ಟೆತ್ತರ ಗೋಪುರ ಹತ್ತಾಕಿಲ್ಲ.”

ಎದ್ದು ನಿಂತಿದ್ದ ದೊಡ್ಡಮ್ಮ ಯಾರಿಗೂ ಗೊತ್ತಾಗದಂತೆ ಮತ್ತೆ ಕೂತಿದ್ದಳು. “ನಾಚಿಕೆ?” ಎಂದಳು. ಅದನ್ನೂ ಇಟ್ಟು ನೋಡಿದರು. ನಾಚಿಕೆಯಾದವನು ಬೇರೆ ಬೀದಿಗೆ ತಿರುಗುವುದು ಸರಿ, ಚಕ್ರ ಕದಿಯುವುದು ಸರಿಹೋಗಲಿಲ್ಲ. ಅಷ್ಟರಲ್ಲಿ ಕೈಗಳು ಮತ್ತೆ ಕಾಯಿ ಒಡೆಯತೊಡಗಿದ್ದವು.

“ಹೊಟ್ಟೆಕಿಚ್ಚು ಕಣ್ರೇ,” ಅಜ್ಜಿ ಅಂದಳು. “ಇನ್ನೊಬ್ರ ಕೈಲಿ ಇರೋದು ನೋಡಿ ನಮ್ಮ ಹೊಟ್ಟೇಲಿ ಉರಿ ಬೀಳೋದು. ಇಟ್ಟು ಓದ್ಲಾ.”

‘ತಮ್ಮನ ಎದೆಯಲ್ಲಿ ಹೊಟ್ಟೆಕಿಚ್ಚು ಮೂಡಿತು.’ ಓದಿದೆ. ‘ಹೊಟ್ಟೆಕಿಚ್ಚು ದಿನದಿನಕ್ಕೆ ಹೆಚ್ಚಿತು.’ ಅದನ್ನೂ ಓದಿದೆ. ಊಟ ಬಿಟ್ಟದ್ದು, ಬೀದಿ ಬದಲಿಸಿದ್ದು, ಗೋಪುರ ಹತ್ತಿದ್ದು, ಒಂದೊಂದೂ ಅದರದರ ಜಾಗದಲ್ಲಿ ಕೂತಿತು. ನಾನು ಅಕ್ಕನ ಕಡೆ ನೋಡಲಿಲ್ಲ.

ಅಜ್ಜಿ ಮೊದಲ ಸಲ ಮೊರ ಕೆಳಗಿಟ್ಟಳು. “ನಿಂಗೆ ಗೊತ್ತಿತ್ತೇನ್ಲಾ ಇದ್ರ ಅರ್ಥ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮರೆತಿದ್ದೆ ಎನ್ನಬಹುದಿತ್ತು. ಮೇಷ್ಟ್ರು ಹಾಗೆ ಹೇಳಿಕೊಟ್ಟಿದ್ದರು ಎನ್ನಬಹುದಿತ್ತು, ಮೇಷ್ಟ್ರು ಅಲ್ಲಿರಲಿಲ್ಲ. ಎರಡೂ ನನಗೆ ಹೊಳೆದವು. “ಗೊತ್ತಿರ್ಲಿಲ್ಲ” ಎಂದೆ. ಎಂದವನೇ ಮಣೆಯಿಂದ ಎದ್ದೆ.

“ಗೊತ್ತಿಲ್ಲ ಅಂದ್ರೆ ನಾಲ್ಗೆ ಸವೀತಿತ್ತೇನೋ?” ದೊಡ್ಡಮ್ಮ ಕೇಳಿದಳು. “ಈ ಅಮಲ್ದಾರ್ರು ನಮ್ಗೆ ಸುಳ್ಳು ಖಾತೆ ಮಾಡ್ಕೊಡಾಕೆ ಹೊಂಟಿದ್ರು ನೋಡ್ರೇ!” ಕೂತವರೆಲ್ಲ ಸಿಪ್ಪೆ ಹಾರುವಂತೆ ನಕ್ಕರು. ಆಮೇಲೆ ಅವಳೇ, “ಎದ್ದು ಎಲ್ಲಿಗ್ ಹೋಗ್ತೀಯ? ಕೂತ್ಕೊ. ಆ ಕಳ್ಳ ತಮ್ಮ ಏನಾದ ಅಂತ ತಿಳೀದೆ ನಾನಂತೂ ಏಳಲ್ಲ” ಎಂದಳು.

ಅಂದಿನಿಂದ ಆ ಪಡಸಾಲೆಯಲ್ಲಿ ಒಂದು ನಿಯಮವಾಯಿತು. ಗೊತ್ತಿಲ್ಲದ ಪದ ಬಂದರೆ ಓದುವವರು ಗೊತ್ತಿಲ್ಲ ಎನ್ನಬೇಕು. ಆಮೇಲೆ ಎಲ್ಲರೂ ಸೇರಿ ಒಂದೊಂದೇ ಮಾತು ಇಟ್ಟು ನೋಡಬೇಕು. ಕಥೆಯ ಕೊನೆಯಲ್ಲಿ ಅಣ್ಣನಿಗೆ ಎಲ್ಲ ತಿಳಿಯುತ್ತದೆ. ಅವನು ಬೈಯುವುದಿಲ್ಲ. ಗೋಪುರದ ಬೀಗದ ಕೈಯನ್ನು ತಮ್ಮನ ಕೈಗೆ ಕೊಟ್ಟು, ಇನ್ನು ಮೇಲೆ ಗಡಿಯಾರ ನೋಡಿಕೊಳ್ಳುವವನು ನೀನು ಎನ್ನುತ್ತಾನೆ. ಅದನ್ನು ಓದುವ ಹೊತ್ತಿಗೆ ಎರಡನೆಯ ಮೂಟೆಯ ಬಾಯಿ ಆಗಲೇ ಬಿಚ್ಚಿತ್ತು. ಮರುದಿನ ಮಧ್ಯಾಹ್ನಕ್ಕೆ ಅದು ಮುಗಿಯಿತು, ಅಪ್ಪ ಹೇಳಿದ ದಿನವೇ ಕೂರಿಗೆ ಹೂಡಿದರು.

ಧ್ವನಿ ಬಂದ ಮೇಲೆ ಅಕ್ಕನನ್ನು ಕೇಳಿದೆ, ಗೊತ್ತಿದ್ದೂ ಯಾಕೆ ತಡೆಯಲಿಲ್ಲ ಎಂದು. “ನಂಗೂ ಗೊತ್ತಿರ್ಲಿಲ್ಲ ಕಣೋ,” ಅಂದಳು. “ನೀನು ಅಷ್ಟು ಧೈರ್ಯವಾಗಿ ಹೇಳ್ದಲ್ಲ, ನಿಜ ಅನ್ಕೊಂಡೆ.” ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಇನ್ನೊಂದು ಹೇಳಿದಳು. ಮೊದಲ ದಿನ ಅವಳು ‘ದಿಗಂತ’ ಎಂದರೆ ದೊಡ್ಡ ಕೆರೆ ಎಂದಿದ್ದಳಂತೆ. ಆ ಕಥೆಯಲ್ಲಿ ಸೂರ್ಯ ಅದರೊಳಗೆ ಮುಳುಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಮೂಲೆಮನೆ ಅಜ್ಜಿಗೂ ಬಂದಿರಲಿಲ್ಲ. ಅಕ್ಕ ಅದನ್ನು ಎಂದಾದರೂ ಅವರಿಗೆ ಹೇಳಿದಳೋ ಇಲ್ಲವೋ ನನಗೆ ತಿಳಿಯದು.

ಈಗ ಬಿತ್ತನೆ ಬೀಜ ಸುಲಿದೇ ಚೀಲದಲ್ಲಿ ಬರುತ್ತದೆ. ಗುಲಾಬಿ ಬಣ್ಣದ ಔಷಧ ಸವರಿರುತ್ತಾರೆ. ಅದನ್ನು ತಿನ್ನುವ ಹಾಗಿಲ್ಲ, ಆದ್ದರಿಂದ ಬಾಯಿ ಕಾಯಲು ಕಥೆಯೂ ಬೇಕಿಲ್ಲ. ನನ್ನ ಮಗಳ ಮನೆ ಕಡೂರಿನಲ್ಲಿದೆ. ಮೊಮ್ಮಗಳು ಐದನೇ ತರಗತಿ, ಮೊಮ್ಮಗ ಎರಡನೆಯದು. ಹೋದ ವಾರ ಮೊಮ್ಮಗಳಿಗೆ ಶಾಲೆಯಿಂದ ಒಂದು ಹಾಳೆ ಕೊಟ್ಟಿದ್ದರು. ಒಂದು ಸಣ್ಣ ಕಥೆ, ಅದರ ಕೆಳಗೆ ಹತ್ತು ಪದ, ಅರ್ಥ ಬರೆಯಬೇಕು. ಅವಳು ಅಮ್ಮನ ಫೋನ್ ಹಿಡಿದು ಕೂತಳು. ಕಥೆ ಓದಿದೆಯಾ ಎಂದು ಕೇಳಿದೆ.

“ಪದ ಅಷ್ಟೇ ತಾತ ಕೇಳಿರೋದು,” ಅಂದಳು.

ಆರು ಪದ ಐದು ನಿಮಿಷದಲ್ಲಿ ಮುಗಿದವು. ಒಂದೂ ತಪ್ಪಿರಲಿಲ್ಲ. ಏಳನೆಯದು ಅಸೂಯೆ. ಫೋನು ‘ಮತ್ಸರ’ ಎಂದು ತೋರಿಸಿತು.

“ಮತ್ಸರ ಅಂದ್ರೇನು ತಾತ?”

“ಅದನ್ನೂ ಒತ್ತಿ ನೋಡು,” ಎಂದೆ.

ಒತ್ತಿದಳು. ‘ಅಸೂಯೆ’ ಎಂದು ಬಂತು. ಅವಳು ಒಂದು ಕ್ಷಣ ನೋಡಿ, ಹಾಳೆಯ ಮೇಲೆ ದುಂಡಗೆ ಮತ್ಸರ ಎಂದು ಬರೆದು ಎಂಟನೆಯದಕ್ಕೆ ಹೋದಳು. ಅದಕ್ಕೆ ಪೂರ್ತಿ ಅಂಕ ಬರುತ್ತದೆ, ಬರಬೇಕಾದದ್ದೇ.

ಅವಳ ತಮ್ಮ ಸೋಫಾದ ಹಿಂದೆ ನಿಂತಿದ್ದ. ಅಕ್ಕನ ಕೆಲಸ ಮುಗಿದ ಮೇಲೆ ಫೋನು ಅವನಿಗೆ ಎಂದು ಅವನಮ್ಮ ಹೇಳಿದ್ದಳು. ಅವನು ಕೆಳತುಟಿ ಮುಂದೆ ಮಾಡಿಕೊಂಡು, ಸೋಫಾದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಅಕ್ಕನ ಬೆರಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದ. ಅವನಿಗೆ ಆ ಪದ ಇನ್ನೂ ಗೊತ್ತಿಲ್ಲ. ಅರ್ಥ ಮಾತ್ರ ಆ ಕೋಣೆಯಲ್ಲಿ ಅವನೊಬ್ಬನಿಗೇ ಚೆನ್ನಾಗಿ ಗೊತ್ತಿತ್ತು.